ಟಾಪ್ ಆದವರೆಲ್ಲ ಡಾಮ್ ಆಗಿರುತ್ತಾರೆಯೇ?

ಪ್ರಶ್ನೆ: ಟಾಪ್, ಬಾಟಮ್, ಡಾಮ್, ಸಬ್, ಸ್ವಿಚ್ ಎಂದೆಲ್ಲ ಕೇಳುತ್ತೇವೆ. ಟಾಪ್ ಎಂದರೂ ಡಾಮ್ ಎಂದರೂ ಒಂದೇ ತಾನೆ? ಕೊನೆಗೆ ಎರಡೂ 'ಗಂಡಿನ ಪಾತ್ರ'ಕ್ಕೆ ಇಟ್ಟ ಹೆಸರುಗಳಲ್ಲವೇ?

ಉತ್ತರ: ಒಂದೇ ಅಲ್ಲ. ಗಂಡಿಗೆ ಇದು, ಹೆಣ್ಣಿಗೆ ಅದು ಎಂಬ ಹಂಚಿಕೆಯೂ ಇಲ್ಲ. ಬಿಡಿಎಸ್‌ಎಂ (ಕಟ್ಟು, ಅಧಿಕಾರ, ನೋವುಗಳ ಸುತ್ತ ಪರಸ್ಪರ ಒಪ್ಪಿ ನಡೆಸುವ ಲೈಂಗಿಕ ಆಟ) ಎಂಬ ನಾಲ್ಕಕ್ಷರದೊಳಗೆ ಮೂರು ಜೋಡಿಗಳು ಅಡಗಿವೆ: ಬಾಂಡೇಜ್ (ಕಟ್ಟುವುದು) ಮತ್ತು ಡಿಸಿಪ್ಲಿನ್ (ಶಿಸ್ತು), ಡಾಮಿನನ್ಸ್ (ಆಳುವುದು) ಮತ್ತು ಸಬ್ಮಿಷನ್ (ಅಧೀನವಾಗುವುದು), ಸ್ಯಾಡಿಸಂ (ನೋಯಿಸುವುದರಲ್ಲಿ ಸುಖ) ಮತ್ತು ಮ್ಯಾಸೊಕಿಸಂ (ನೋವು ಉಣ್ಣುವುದರಲ್ಲಿ ಸುಖ). ಕಟ್ಟುವುದು, ಆಳುವುದು, ನೋವಿನಲ್ಲಿ ಸುಖ ಕಾಣುವುದು ಬೇರೆ ಬೇರೆ ಸಂಗತಿಗಳು. ಒಬ್ಬರಲ್ಲೇ ಮೂರೂ ಇರಬೇಕೆಂದಿಲ್ಲ.

ಟಾಪ್ ಎಂದರೆ ಆ ಹೊತ್ತಿನಲ್ಲಿ ಮಾಡುವವರು, ಬಾಟಮ್ ಎಂದರೆ ಮಾಡಿಸಿಕೊಳ್ಳುವವರು. ಹಗ್ಗ ಬಿಗಿಯುವವರು ಟಾಪ್, ಬಿಗಿಸಿಕೊಳ್ಳುವವರು ಬಾಟಮ್. ಡಾಮ್ ಯಾರು, ಸಬ್ ಯಾರು ಎಂಬುದು ಯಾರ ಮಾತು ನಡೆಯುತ್ತದೆ ಎಂಬುದರ ಮೇಲೆ ನಿಂತಿದೆ. ಹಗ್ಗ ಬಿಗಿಸಿಕೊಳ್ಳುವವರೇ 'ಇನ್ನೊಂದು ಸುತ್ತು ಹಾಕು, ಮಾತಾಡಬೇಡ' ಎಂದು ಅಪ್ಪಣೆ ಕೊಡುತ್ತಿದ್ದರೆ ಅವರು ಬಾಟಮ್ ಆಗಿದ್ದುಕೊಂಡೇ ಡಾಮ್. ಕಟ್ಟುತ್ತಿರುವವರು ಟಾಪ್, ಆದರೂ ಸಬ್. ಅಧಿಕಾರದ ಆಟವೇ ಬೇಡ, ಹಗ್ಗದ ಕಸುಬಷ್ಟೇ ಇಷ್ಟ ಎನ್ನುವವರೂ ಇದ್ದಾರೆ. ಅವರು ಬರೀ ಟಾಪ್ ಅಥವಾ ಬರೀ ಬಾಟಮ್. ಎರಡೂ ಕಡೆ ಒಗ್ಗುವವರು ಸ್ವಿಚ್.

ಸ್ಯಾಡಿಸಂ, ಮ್ಯಾಸೊಕಿಸಂ ಪದಗಳ ಹುಟ್ಟು ಬೇರೆ ಕಡೆಯದು. ಮನೋವೈದ್ಯ ಕ್ರಾಫ್ಟ್-ಎಬಿಂಗ್ 19ನೇ ಶತಮಾನದ ಕೊನೆಯಲ್ಲಿ ಇವನ್ನು ವೈದ್ಯಕೀಯದೊಳಗೆ ತಂದರು. ಮೊದಲನೆಯದು ಫ್ರಾನ್ಸಿನ ಲೇಖಕ ಮಾರ್ಕಿ ದ ಸಾದ್‌ನಿಂದ, ಎರಡನೆಯದು ಆಸ್ಟ್ರಿಯಾದ ಕಾದಂಬರಿಕಾರ ಸಾಖರ್-ಮಾಸೊಖ್‌ನಿಂದ ಬಂತು. ಮಾಸೊಖ್ ಆಗ ಇನ್ನೂ ಬದುಕಿದ್ದರು. ಬದುಕಿದ್ದ ಮನುಷ್ಯನ ಮನೆತನದ ಹೆಸರನ್ನು ಕಾಯಿಲೆಗೆ ಇಟ್ಟದ್ದು ನನಗೆ ಕ್ರೌರ್ಯವಾಗಿಯೇ ಕಾಣುತ್ತದೆ. ಆ ರೋಗದ ಮುದ್ರೆ ಅಳಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ, ಪರಸ್ಪರ ಒಪ್ಪಿ ನಡೆಸುವ ಸ್ಯಾಡೋಮ್ಯಾಸೊಕಿಸಂ ಕಾಯಿಲೆಯಲ್ಲ. ಒಪ್ಪದವರನ್ನು ನೋಯಿಸುವ ಬಯಕೆಯನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಂಡಿದ್ದಾರೆ.

ಇನ್ನು 'ಗಂಡಿನ ಪಾತ್ರ'ದ ಮಾತು. ಸಲಿಂಗಿ ಪುರುಷರ ನಡುವೆ ಟಾಪ್, ಬಾಟಮ್ ಎಂದರೆ ಸಂಭೋಗದಲ್ಲಿ ಪ್ರವೇಶಿಸುವವರು, ಪ್ರವೇಶಿಸಿಕೊಳ್ಳುವವರು ಎಂದರ್ಥ. ಹಗ್ಗಕ್ಕೂ ಅಪ್ಪಣೆಗೂ ಅಲ್ಲಿ ಸಂಬಂಧವಿಲ್ಲ. ಸ್ಪ್ಯಾನಿಷ್ ನುಡಿಯುವ ಲ್ಯಾಟಿನ್ ಅಮೆರಿಕದಲ್ಲಿ ಇದಕ್ಕೆ ಆಕ್ತಿವೊ, ಪಸಿವೊ ಎನ್ನುತ್ತಾರೆ. ಆಕ್ತಿವೊ ಆದವನು ತನ್ನ ಗಂಡಸುತನಕ್ಕೆ ಕುಂದು ಬಂತೆಂದು ಭಾವಿಸದಿರುವುದೂ, ಅವಮಾನವೆಲ್ಲ ಪಸಿವೊ ಹೆಗಲಿಗೇ ಬೀಳುವುದೂ ಅಲ್ಲಿ ಬಹುಕಾಲ ನಡೆದುಬಂದಿದೆ. ಚೀನಾದಲ್ಲಿ ಒಂದು ಮತ್ತು ಸೊನ್ನೆ ಎಂಬ ಅಂಕಿಗಳೇ ಸಾಕು. ಎರಡೂ ಸರಿ ಎನ್ನುವವರು 0.5. ಜಪಾನಿನಲ್ಲಿ ತಾಚಿ ಮತ್ತು ನೆಕೊ. ನೆಕೊ ಎಂದರೆ ಬೆಕ್ಕು. ಅದೇ ಜಪಾನಿನಲ್ಲಿ ಸ್ಯಾಡಿಸಂ, ಮ್ಯಾಸೊಕಿಸಂಗಳ ಎಸ್, ಎಂ ಅಕ್ಷರಗಳು ಮಲಗುವ ಕೋಣೆ ದಾಟಿ ಹೊರಬಂದಿವೆ. ಕೀಟಲೆ ಮಾಡಿ ಕಾಡುವ ಸ್ವಭಾವದ ಗೆಳೆಯನನ್ನು ಹತ್ತು ಜನರ ಎದುರೇ ಎಸ್ ಎಂದು ಕರೆಯುತ್ತಾರೆ.

ನಮ್ಮ ಉಪಖಂಡದ ಕೋಥಿ (ಹೆಣ್ತನದ ನಡೆನುಡಿಯ ಗಂಡು), ಪಂಥಿ (ಅವರ ಗಂಡಸು), ಡಬಲ್ ಡೆಕ್ಕರ್ (ಎರಡೂ ಕಡೆ ಒಗ್ಗುವವರು) ಪದಗಳನ್ನು ಇವುಗಳ ಅನುವಾದ ಎಂದುಕೊಳ್ಳುವವರು ಬಹಳ. ಕೋಥಿ ಎಂಬುದು ಹಾಸಿಗೆಯ ಸ್ಥಾನಕ್ಕಿಂತ ದೊಡ್ಡದು. ಅದರೊಳಗೆ ನಡೆನುಡಿ, ಹೆಣ್ತನ, ಸಮುದಾಯ, ಅಲ್ಲಿನ ಅಕ್ಕತಂಗಿಯರ ನಂಟು ಎಲ್ಲವೂ ಇದೆ. ಪಂಥಿ ಎಂಬುದು ಕೋಥಿಗಳು ತಮ್ಮ ಗಂಡಸರಿಗೆ ಇಟ್ಟ ಹೆಸರು, ಆ ಗಂಡಸರು ತಮ್ಮನ್ನು ಸಾಮಾನ್ಯವಾಗಿ ಹಾಗೆ ಕರೆದುಕೊಳ್ಳುವುದಿಲ್ಲ. ಎಚ್‌ಐವಿ ತಡೆ ಯೋಜನೆಗಳು ಬಂದಾಗ ಈ ಪದಗಳು ಸರ್ಕಾರಿ ನಮೂನೆಗಳಿಗೆ ಏರಿ ಗಡಸಾದವು. ಬದುಕಿನಲ್ಲಿ ಅವು ಅಷ್ಟು ಗಡಸಲ್ಲ.

ಪಾತ್ರ ಅದಲುಬದಲಾದರೂ ಹೆಸರು ಗಂಡಿನ ಕಡೆಗೇ ವಾಲುವ ಚಾಳಿ ಹಳೆಯದು. ಕಾಮಸೂತ್ರದ ಎರಡನೇ ಅಧಿಕರಣದಲ್ಲಿ ಹೆಣ್ಣು ಮೇಲಾಗುವ ಬಗೆಗೆ ಪುರುಷಾಯಿತ, ಅಂದರೆ ಗಂಡಿನಂತೆ ನಡೆಯುವುದು, ಎಂದೇ ಹೆಸರು. ಅದಕ್ಕೆ ಹಿಂದಿನ ಅಧ್ಯಾಯ ಪ್ರಹಣನದ್ದು, ಅಂದರೆ ರತಿಯಲ್ಲಿ ಹೊಡೆಯುವುದರದು. ಅಲ್ಲಿ ವಾತ್ಸ್ಯಾಯನ ಎಚ್ಚರಿಕೆಯನ್ನೂ ಕೊಡುತ್ತಾನೆ: ಕುಂತಲದ ಶಾತಕರ್ಣಿ ಶಾತವಾಹನ ಇಂಥ ಏಟಿನಿಂದಲೇ ರಾಣಿ ಮಲಯವತಿಯನ್ನು ಕೊಂದ.

ಹಾಗಾಗಿ ಯಾರಾದರೂ 'ನಾನು ಸಬ್' ಎಂದರೆ ಅದು ಯಾವುದಕ್ಕೂ ಕೊಟ್ಟ ಒಪ್ಪಿಗೆಯಲ್ಲ. ಏನು ಸರಿ, ಏನು ಬೇಡ, ಯಾವ ಮಾತು ಕೇಳಿದೊಡನೆ ನಿಲ್ಲಿಸಬೇಕು ಎಂಬುದನ್ನು ಮೊದಲೇ ಬೇರೆಯಾಗಿ ಕೇಳಿಕೊಳ್ಳಬೇಕು. 'ನಾನು ಟಾಪ್' ಎಂದವರನ್ನೂ 'ಯಾವ ಅರ್ಥದಲ್ಲಿ?' ಎಂದು ಸಂಕೋಚವಿಲ್ಲದೆ ಕೇಳಿ. ನಿಮಗೆ ಹೊಂದುವ ಪದ ಇವುಗಳಲ್ಲಿ ಇಲ್ಲದಿದ್ದರೆ ಪದವನ್ನು ಬಿಟ್ಟು ವಾಕ್ಯದಲ್ಲೇ ಹೇಳಿ: ಕಣ್ಣು ಕಟ್ಟಿದರೆ ಇಷ್ಟ, ಕೈ ಕಟ್ಟಿದರೆ ಭಯ, ಅಪ್ಪಣೆ ಮಾಡುವುದು ನನ್ನಿಂದಾಗದು.