ಸ್ಟಿಕ್ಕರ್ ಕೀಳುವ ಮೊದಲು ಆರ್‌ಸಿ ತೆಗೆದು ನೋಡಿ

ಕಳೆದ ವಾರ ಪಾಂಡವಪುರದ ಕಡೆಯ ಹುಡುಗನೊಬ್ಬ ಮೈಸೂರಿನ ನಮ್ಮ ಶೆಡ್ಡಿಗೆ ಬೈಕ್ ತಂದಿದ್ದ. ಸೆಕೆಂಡ್ ಹ್ಯಾಂಡ್ ಗಾಡಿ, ಕೆಂಪು ಬಣ್ಣ. ಟ್ಯಾಂಕಿನ ಎರಡೂ ಕಡೆ ಹಳೇ ಓನರ್ ಬೆಂಕಿಯ ಜ್ವಾಲೆ ಅಂಟಿಸಿದ್ದ. ಎಡಗಡೆಯದನ್ನು ಇವನೇ ಮನೆಯಲ್ಲಿ ಉಗುರು ಹಾಕಿ ಎಳೆದಿದ್ದಾನೆ. ಸ್ಟಿಕ್ಕರ್ ಜೊತೆ ಅಂಗೈ ಅಗಲ ಬಣ್ಣವೂ ಎದ್ದು ಬಂದಿದೆ. ಅಡಿಯಲ್ಲಿ ನೀಲಿ ಕಾಣುತ್ತಿದೆ.

“ಅಣ್ಣಾ, ನನ್ನ ಗಾಡಿ ಮೊದಲು ನೀಲಿ ಇತ್ತಾ?”

ಆರ್‌ಸಿ ತೆಗೆಸಿ ನೋಡಿದೆ. ಅದರಲ್ಲಿ ನೀಲಿ ಅಂತಲೇ ಇತ್ತು.

ನನ್ನ ಹತ್ತಿರ ಬರುವವರೆಲ್ಲ ಕೇಳುವುದು ಒಂದೇ: ಯಾವ ಎಣ್ಣೆ ಹಾಕಿದರೆ ಅಂಟು ಬಿಡುತ್ತದೆ? ಅಂಟು ಬಿಡಿಸುವುದು ದೊಡ್ಡ ವಿಷಯ ಅಲ್ಲ. ಅಂಟಿನ ಅಡಿ ಇರುವ ಬಣ್ಣ ಎಂಥದ್ದು ಅನ್ನುವುದೇ ವಿಷಯ. ಕಂಪನಿಯಲ್ಲಿ ಹೊಡೆದು, ಓವನ್‌ನಲ್ಲಿ ಬೇಯಿಸಿದ ಪೇಂಟು ಸಾಮಾನ್ಯ ಸ್ಟಿಕ್ಕರಿಗೆ ಜಗ್ಗುವುದಿಲ್ಲ. ಹಳೇ ಬಣ್ಣವನ್ನು ಸರಿಯಾಗಿ ಸ್ಯಾಂಡಿಂಗ್ ಮಾಡದೆ ಮೇಲೆ ಹೊಡೆದ ರೀಪೇಂಟ್ ಹಾಗಲ್ಲ. ಅದಕ್ಕೆ ಟ್ಯಾಂಕಿನ ಮೇಲಿರುವ ಹಿಡಿತಕ್ಕಿಂತ ಸ್ಟಿಕ್ಕರಿನ ಹಿಡಿತವೇ ಜಾಸ್ತಿ. ಎಳೆದರೆ ಎರಡೂ ಒಟ್ಟಿಗೆ ಬರುತ್ತವೆ.

ಹಾಗಾಗಿ ಮೊದಲು ಆರ್‌ಸಿಯಲ್ಲಿರುವ ಬಣ್ಣ ನೋಡಿ. ಅದೇ ಬಣ್ಣದಲ್ಲಿ ಮತ್ತೆ ಹೊಡೆದಿದ್ದರೆ ಇದರಿಂದ ಗೊತ್ತಾಗುವುದಿಲ್ಲ. ಆಗ ಸೀಟ್ ಬಿಚ್ಚಿ, ಟ್ಯಾಂಕಿನ ಹಿಂಭಾಗ ಸೀಟಿನ ಅಡಿಗೆ ಹೋಗುವ ಜಾಗದಲ್ಲಿ, ಯಾರಿಗೂ ಕಾಣದ ಕಡೆ, ಬಿಳಿ ಬಟ್ಟೆಗೆ ಒಂದೇ ಹನಿ ಥಿನ್ನರ್ ಹಾಕಿ ಮೆಲ್ಲಗೆ ಒತ್ತಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಲೋಕಲ್ ಪೇಂಟು. ಅಂಥ ಗಾಡಿಯ ಸ್ಟಿಕ್ಕರ್ ಮುಟ್ಟದಿರುವುದೇ ಕ್ಷೇಮ. ಪರೀಕ್ಷೆ ಮುಗಿದ ಮೇಲೆ ಆ ಥಿನ್ನರ್ ಡಬ್ಬಿ ದೂರ ಇಡಿ, ಮುಂದಿನ ಯಾವ ಕೆಲಸಕ್ಕೂ ಅದು ಬೇಡ.

ಇನ್ನೊಂದು ಪರೀಕ್ಷೆ ಉಗುರಿನದು. ಸ್ಟಿಕ್ಕರಿನ ಅಂಚಿನ ಮೇಲೆ ಉಗುರು ಸವರಿ. ಮೆಟ್ಟಿಲು ತಾಗಿದರೆ ಸ್ಟಿಕ್ಕರ್ ಮೇಲಿದೆ, ಕೀಳಬಹುದು. ಏನೂ ತಾಗದೆ ನುಣ್ಣಗೆ ಜಾರಿದರೆ ಅದು ಕ್ಲಿಯರ್ ಕೋಟಿನ, ಅಂದರೆ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರದ, ಅಡಿ ಇರುವ ಕಂಪನಿ ಗ್ರಾಫಿಕ್. ಅದನ್ನು ತೆಗೆಯಬೇಕೆಂದರೆ ಉಜ್ಜಿ ಹೊಸದಾಗಿ ಪೇಂಟ್ ಮಾಡಬೇಕು, ಬೇರೆ ದಾರಿ ಇಲ್ಲ. ಹಳೇ ಜಾವಾ, ಯೆಜ್ದಿ ಇಟ್ಟುಕೊಂಡವರು ನಮ್ಮೂರಲ್ಲಿ ಇನ್ನೂ ಇದ್ದಾರೆ, ಆ ಬೈಕ್ ಮಾಡುತ್ತಿದ್ದ ಯಾದವಗಿರಿ ಫ್ಯಾಕ್ಟರಿ 1996ರಲ್ಲಿ ನಿಂತು ಹೋದರೂ. ಅಂಥ ಟ್ಯಾಂಕಿನ ಮೇಲಿನ ಚಿನ್ನದ ಗೆರೆ ಎಷ್ಟೋ ಸಲ ಕುಂಚದಲ್ಲಿ ಎಳೆದದ್ದಾಗಿರುತ್ತದೆ. ಸ್ಟಿಕ್ಕರ್ ಅಂದುಕೊಂಡು ಉಜ್ಜಬೇಡಿ, ದಯವಿಟ್ಟು.

ಈಗ ಕೀಳುವ ಕೆಲಸ. ಮಂಡ್ಯ ಕಡೆಯವರಿಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ, ಆಲೆಮನೆ ನೋಡಿದವರು. ಪಾಕ ಬಿಸಿ ಇದ್ದಾಗ ಹರಿಯುತ್ತದೆ, ಆರಿದರೆ ಕಲ್ಲು. ಸ್ಟಿಕ್ಕರಿನ ಅಂಟೂ ಹಾಗೆಯೇ, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಆದರೆ ಕೈ ಇಟ್ಟರೆ ಚುರುಕ್ ಅನ್ನುವಷ್ಟು ಬಿಸಿ ಸಾಕು, 50–60 ಡಿಗ್ರಿ. ಸೈಡ್ ಪ್ಯಾನೆಲ್‌ಗಳು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್, ಅದು 100 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗಿ ಸೊಟ್ಟಗಾಗುತ್ತದೆ. ಹೀಟ್ ಗನ್ 300 ದಾಟುತ್ತದೆ. ಇದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ. ಸ್ಕೂಟರ್ ಪ್ಯಾನೆಲ್ ಒಂದಕ್ಕೆ ಹೀಟ್ ಗನ್ ಹಿಡಿದು, ಯಾರದೋ ಜೊತೆ ಮಾತಾಡುತ್ತಾ ನಿಂತೆ. ತಿರುಗಿ ನೋಡಿದರೆ ಪ್ಯಾನೆಲ್ ಹಪ್ಪಳದ ಹಾಗೆ ಉಬ್ಬಿತ್ತು. ಹೊಸ ಪ್ಯಾನೆಲ್ ದುಡ್ಡು ನನ್ನ ಸಂಬಳದಲ್ಲಿ ಮುರಿದರು.

ಪ್ಯಾನೆಲ್ ಆದರೆ ಬಿಚ್ಚಿಕೊಂಡು, ಹೇರ್ ಡ್ರೈಯರನ್ನು ಒಂದು ಗೇಣು ದೂರ ಹಿಡಿದು ಆಡಿಸುತ್ತಾ ಇರಿ. ಟ್ಯಾಂಕಿಗೆ ಮಾತ್ರ ಡ್ರೈಯರೂ ಬೇಡ. ಒಳಗೆ ಪೆಟ್ರೋಲ್ ಇದೆ, ಮುಚ್ಚಳದ ಗಾಳಿ ತೂತಿನಿಂದ ಆವಿ ಬರುತ್ತದೆ, ಡ್ರೈಯರ್ ಒಳಗೆ ಕೆಂಪಗೆ ಕಾದ ಕಾಯಿಲ್ ಇರುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆ ಸ್ಟಿಕ್ಕರ್ ಮೇಲೆ ಎರಡು ಮೂರು ನಿಮಿಷ ಇಡಿ, ಆರಿದರೆ ಮತ್ತೆ ಅದ್ದಿ.

ಮೂಲೆ ಎದ್ದ ಮೇಲೆ ನಿಮ್ಮ ಕಡೆಗೆ ನೇರ ಎಳೆಯಬೇಡಿ. ಸ್ಟಿಕ್ಕರನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ, ಗಾಡಿಯ ಮೈಗೆ ಒರಗಿದ ಹಾಗೆ, ಬಾಳೆದಿಂಡಿನ ನಾರು ಬಿಡಿಸುವಷ್ಟು ನಿಧಾನವಾಗಿ ಎಳೆಯಿರಿ. ಚರ್‌ರ್ ಅಂತ ಸದ್ದು ಬಂದರೆ ನಿಲ್ಲಿಸಿ, ಅಂಟು ತಣ್ಣಗಾಗಿದೆ. ಬಿಸಿಲಲ್ಲಿ ವರ್ಷಾನುಗಟ್ಟಲೆ ಒಣಗಿದ ಸ್ಟಿಕ್ಕರ್ ಒಂದೇ ತುಂಡಾಗಿ ಬರುವುದಿಲ್ಲ, ಚೂರು ಚೂರಾಗಿ ಏಳುತ್ತದೆ. ಹಳೇ ಎಟಿಎಂ ಕಾರ್ಡಿನ ಅಂಚಲ್ಲಿ ತಳ್ಳಿ. ಬ್ಲೇಡ್ ಮುಟ್ಟಲೇಬೇಡಿ. ಕ್ಲಿಯರ್ ಕೋಟ್ ಕೂದಲಿಗಿಂತ ತೆಳು.

ಉಳಿದ ಅಂಟಿಗೆ ನೀಲಗಿರಿ ಎಣ್ಣೆ ನನ್ನ ಮೆಚ್ಚಿನದು, ಇಲ್ಲದಿದ್ದರೆ ಸೀಮೆಎಣ್ಣೆ. ಎರಡನ್ನೂ ಮೊದಲು ಮರೆಯ ಜಾಗದಲ್ಲಿ ಹಚ್ಚಿ ನೋಡಿ. ಬಟ್ಟೆಗೆ ಹಾಕಿ ಅಂಟಿನ ಮೇಲೆ ಐದು ನಿಮಿಷ ನೆನೆಯಲು ಬಿಡಿ, ಬೆರಳಲ್ಲೇ ಉಂಡೆ ಕಟ್ಟಿ ಬರುತ್ತದೆ. ಆಮೇಲೆ ಶಾಂಪೂ ನೀರಲ್ಲಿ ತೊಳೆಯಿರಿ. ಹೆಡ್‌ಲೈಟ್ ಗಾಜಿಗೆ ಪೆಟ್ರೋಲ್ ಬೇಡ, ಈಗಿನ ಗಾಡಿಗಳಲ್ಲಿ ಅದು ಹೆಚ್ಚಾಗಿ ಪ್ಲಾಸ್ಟಿಕ್, ಮಂಜಾಗಿ ಬಿರುಕು ಬಿಡುತ್ತದೆ. ಹೊಳಪಿಲ್ಲದ ಮ್ಯಾಟ್ ಪೇಂಟಿಗೆ ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟು) ಬೇಡ, ಉಜ್ಜಿದಷ್ಟು ಜಾಗ ಮಾತ್ರ ಫಳಫಳ ಅನ್ನುತ್ತದೆ.

ಇಷ್ಟೆಲ್ಲ ಆದ ಮೇಲೂ ಸ್ಟಿಕ್ಕರಿನ ನೆರಳು ಉಳಿಯಬಹುದು. ಕೊಳೆ ಅಂದುಕೊಂಡು ಉಜ್ಜುವವರು ಬಹಳ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಅಡಿಯದು ಹಾಗೇ ಇರುತ್ತದೆ, ಅಷ್ಟೇ. ಕೆಂಪಿನಲ್ಲಿ ಇದು ಜಾಸ್ತಿ ಎದ್ದು ಕಾಣುತ್ತದೆ. ಕಾಂಪೌಂಡ್ ಹಾಕುವುದಿದ್ದರೆ ಸುತ್ತಲಿನ ಮಾಸಿದ ಜಾಗಕ್ಕೆ ಹಾಕಬೇಕು, ನೆರಳಿಗಲ್ಲ. ಮೊನ್ನೆ ಒಬ್ಬರು ಅಪ್ಪು ಸ್ಟಿಕ್ಕರ್ ತೆಗೆಸಿ, ನೆರಳು ನೋಡಿ, ಇದು ಹೀಗೇ ಇರಲಿ ಬಿಡಿ ಅಂದರು. ನಾನೂ ಪಾಲಿಶ್ ಬಟ್ಟೆ ಕೆಳಗಿಟ್ಟೆ.

ಪಾಂಡವಪುರದ ಹುಡುಗನ ಬಲಗಡೆ ಸ್ಟಿಕ್ಕರನ್ನು ನಾನು ಕೀಳಲಿಲ್ಲ. ಹೇಗಿದ್ದರೂ ಇಡೀ ಟ್ಯಾಂಕ್ ಉಜ್ಜಿ ಮತ್ತೆ ಹೊಡೆಯಬೇಕು. ಯಾವ ಬಣ್ಣ ಅಂತ ಕೇಳಿದೆ. ಸ್ವಲ್ಪ ಹೊತ್ತು ಟ್ಯಾಂಕ್ ನೋಡುತ್ತಾ ನಿಂತ.

“ನೀಲಿನೇ ಹೊಡೀರಿ ಅಣ್ಣಾ.”