ಕಬ್ಬಿಣ ಇದ್ದರೆ ಸಾಲದು

“ಉತ್ತರಕ್ಕೆ ತಲೆ ಹಾಕಿ ಮಲಗಬೇಡ” ಅಂತ ನಮ್ಮಜ್ಜಿ ಹೇಳುತ್ತಿದ್ದರು. ಯಾಕೆ ಅಂತ ಕೇಳಿದರೆ ಗಣಪತಿಯ ಕಥೆ ಬರುತ್ತಿತ್ತು. ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯ ತಲೆಯನ್ನೇ ಶಿವಗಣಗಳು ತಂದ ಕಥೆ. ಆ ಕಥೆಯ ಜೊತೆ ನನಗೆ ಜಗಳವಿಲ್ಲ, ಅದು ಚೆನ್ನಾಗಿದೆ. ಆದರೆ ಈಗ ಅದೇ ಮಾತು ಮೊಬೈಲಿಗೆ ವಿಜ್ಞಾನದ ವೇಷ ಹಾಕಿಕೊಂಡು ಬರುತ್ತದೆ. ಭೂಮಿ ಒಂದು ದೊಡ್ಡ ಮ್ಯಾಗ್ನೆಟ್, ರಕ್ತದಲ್ಲಿ ಕಬ್ಬಿಣ ಇದೆ, ಉತ್ತರಕ್ಕೆ ತಲೆ ಹಾಕಿದರೆ ಭೂಮಿ ಆ ಕಬ್ಬಿಣವನ್ನು ಮೆದುಳಿಗೆ ಎಳೆಯುತ್ತದೆ ಅಂತ. ಇದೇ ಮಾತು ನಂಬಿ ನಮ್ಮ ಚಿಕ್ಕಮ್ಮ ಮಂಡಿನೋವಿಗೆ ಮೂರು ಸಾವಿರ ಕೊಟ್ಟು ಮ್ಯಾಗ್ನೆಟ್ ಪಟ್ಟಿ ಕಟ್ಟಿಕೊಂಡರು. ಆರು ತಿಂಗಳು ವೈದ್ಯರ ಹತ್ತಿರ ಹೋಗಲೇ ಇಲ್ಲ. ಅದಕ್ಕೇ ಈ ಲೇಖನ.

ಕಾಂತಕ್ಷೇತ್ರದ ಬಲವನ್ನು ಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ, ಅದರ ಹತ್ತು ಲಕ್ಷದಲ್ಲಿ ಒಂದು ಪಾಲು ಮೈಕ್ರೋಟೆಸ್ಲಾ. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಸುಮಾರು 40 ಮೈಕ್ರೋಟೆಸ್ಲಾ. ಆಸ್ಪತ್ರೆಯ ಸಾಮಾನ್ಯ ಎಂಆರ್‌ಐ ಯಂತ್ರದ್ದು 1.5 ಟೆಸ್ಲಾ. ಅಂದರೆ 37 ಸಾವಿರ ಪಟ್ಟು ಜಾಸ್ತಿ. ರಕ್ತದ ಕಬ್ಬಿಣ ಮೊಳೆಯ ಹಾಗೆ ಮ್ಯಾಗ್ನೆಟ್‌ಗೆ ಹಾತೊರೆಯುವುದಾಗಿದ್ದರೆ ಎಂಆರ್‌ಐ ಒಳಗೆ ಹೋದ ಯಾರೂ ಬದುಕಿ ಹೊರಗೆ ಬರುತ್ತಿರಲಿಲ್ಲ. ಇನ್ನೊಂದು ವಿಷಯವೂ ಇದೆ. ಭೂಮಿಯ ಕ್ಷೇತ್ರ ತಲೆಯ ಹತ್ತಿರ ಎಷ್ಟಿದೆಯೋ ಕಾಲಿನ ಹತ್ತಿರವೂ ಅಷ್ಟೇ ಇದೆ. ಹೀಗೆ ಎಲ್ಲ ಕಡೆ ಒಂದೇ ಸಮ ಇರುವ ಕ್ಷೇತ್ರ ತಿರುಗಿಸಬಲ್ಲದು, ಎಳೆಯಲಾರದು. ಬೋಗುಣಿಯ ನೀರಿನಲ್ಲಿ ಒಂದು ಎಲೆ ಬಿಟ್ಟು, ಅದರ ಮೇಲೆ ಮ್ಯಾಗ್ನೆಟ್‌ಗೆ ಉಜ್ಜಿದ ಸೂಜಿ ಇಡಿ. ಸೂಜಿ ಉತ್ತರಕ್ಕೆ ತಿರುಗುತ್ತದೆ. ಆದರೆ ಬೋಗುಣಿಯ ಉತ್ತರದ ಅಂಚಿಗೆ ತೇಲಿಕೊಂಡು ಹೋಗುವುದಿಲ್ಲ. ಲಂಡನ್ನಿನಲ್ಲಿ ದಿಕ್ಸೂಚಿ ಮಾಡುತ್ತಿದ್ದ ರಾಬರ್ಟ್ ನಾರ್ಮನ್ 1581ರಲ್ಲೇ ಸೂಜಿಯನ್ನು ನೀರಿನಲ್ಲಿ ತೇಲಿಸಿ ಇದನ್ನು ತೋರಿಸಿದ್ದ.

ರಕ್ತಕ್ಕೆ ಬರೋಣ. ನಮ್ಮ ಮೈಯಲ್ಲಿರುವ ಒಟ್ಟು ಕಬ್ಬಿಣ ಮೂರು ನಾಲ್ಕು ಗ್ರಾಂ. ಅದರ ಬಹುಪಾಲು ಹಿಮೋಗ್ಲೋಬಿನ್‌ನಲ್ಲಿದೆ. 1845ರಲ್ಲಿ ಮೈಕೆಲ್ ಫ್ಯಾರಡೆ ಒಣಗಿದ ರಕ್ತವನ್ನು ಮ್ಯಾಗ್ನೆಟ್ ಹತ್ತಿರ ಇಟ್ಟು ನೋಡಿದ. ಕಬ್ಬಿಣ ಇದ್ದರೂ ಅದು ಮ್ಯಾಗ್ನೆಟ್ ಕಡೆ ಬರಲಿಲ್ಲ. ತಾಜಾ ರಕ್ತವನ್ನೂ ಪರೀಕ್ಷಿಸಬೇಕು ಅಂತ ಬರೆದುಕೊಂಡ. ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲಿ ಪೂರ್ತಿ ಉತ್ತರ ಕೊಟ್ಟರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅನ್ನು ಮ್ಯಾಗ್ನೆಟ್ ತುಸು ದೂರ ತಳ್ಳುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗೆ ತುಸು ಸೆಳೆತ ಇದೆ. ಆದರೆ ರಕ್ತದಲ್ಲಿ ನೀರೇ ಜಾಸ್ತಿ, ನೀರಿಗೆ ಮ್ಯಾಗ್ನೆಟ್ ಅಂದರೆ ಆಗದು. ಒಟ್ಟು ಲೆಕ್ಕದಲ್ಲಿ ರಕ್ತ ಮ್ಯಾಗ್ನೆಟ್‌ನಿಂದ ದೂರವೇ ಸರಿಯುತ್ತದೆ. 1997ರಲ್ಲಿ ಆಂದ್ರೆ ಗೈಮ್ ಮತ್ತು ಜೊತೆಗಾರರು ನೆದರ್ಲೆಂಡ್ಸ್‌ನಲ್ಲಿ 16 ಟೆಸ್ಲಾ ಮ್ಯಾಗ್ನೆಟ್ ಒಳಗೆ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದು ಇದೇ ತಳ್ಳುವ ಗುಣದಿಂದ.

ಹಾಗಾದರೆ ಕಬ್ಬಿಣ ಅಂದರೆ ಮ್ಯಾಗ್ನೆಟ್ ಅನ್ನುವ ಲೆಕ್ಕ ಎಲ್ಲಿ ತಪ್ಪಿತು? ನಿಮ್ಮ ಅಡುಗೆಮನೆಗೇ ಬನ್ನಿ. ಒಳ್ಳೆಯ ಸ್ಟೀಲ್ ಲೋಟದಲ್ಲಿ ಸುಮಾರು 70 ಭಾಗ ಕಬ್ಬಿಣ. ಮಿಕ್ಕದ್ದು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್, ಇತ್ಯಾದಿ. ನಿಕ್ಕಲ್ ತಾನೇ ಮ್ಯಾಗ್ನೆಟ್‌ಗೆ ಅಂಟುವ ಲೋಹ. ಆದರೂ ಆ ಲೋಟಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ! ಕಬ್ಬಿಣದ ಪರಮಾಣುಗಳು ಅಲ್ಲೇ ಇವೆ. ಅವು ಕೂತಿರುವ ಜೋಡಣೆ ಮಾತ್ರ ಬದಲಾಗಿದೆ. ಇದೇ ಜೋಡಣೆಗೆ ಬರಿಯ ಕಬ್ಬಿಣವೂ 912 ಡಿಗ್ರಿ ದಾಟಿದ ಮೇಲೆ ಬರುತ್ತದೆ. ನಿಕ್ಕಲ್ ಅದನ್ನು ತಣ್ಣಗಿರುವಾಗಲೂ ಹಾಗೇ ಹಿಡಿದಿಡುತ್ತದೆ. ಲೋಟದ ಮಡಿಸಿದ ಅಂಚಿಗೋ ಸಿಂಕಿನ ಮೂಲೆಗೋ ಮ್ಯಾಗ್ನೆಟ್ ಹಿಡಿದು ನೋಡಿ, ಚೂರು ಸೆಳೆತ ಕಾಣಬಹುದು. ಬಗ್ಗಿಸುವಾಗ ಅಲ್ಲಿನ ಜೋಡಣೆ ಹಳೆಯದರ ಹತ್ತಿರಕ್ಕೆ ಹೋಗಿರುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಪಾತ್ರೆ ಅಂಗಡಿಯಲ್ಲಿ ಮ್ಯಾಗ್ನೆಟ್ ಹಿಡಿದು “ನೋಡಿ ಅಣ್ಣಾ, ಅಂಟಲ್ಲ, ಅಸಲಿ ಸ್ಟೀಲು” ಅನ್ನುತ್ತಾರಲ್ವಾ? ನಾನೂ ಹಾಗೆ ಒಂದು ಅಂಗಡಿಯಲ್ಲಿ ಕೊಂಡ ಡಬ್ಬಿ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯಿತು. ನಿಕ್ಕಲ್ ಕಡಿಮೆ ಮಾಡಿ ಅದರ ಬದಲು ಮ್ಯಾಂಗನೀಸ್ ಹಾಕಿದ ಅಗ್ಗದ ಸ್ಟೀಲಿಗೂ ಮ್ಯಾಗ್ನೆಟ್ ಅಂಟುವುದಿಲ್ಲ. ಮ್ಯಾಗ್ನೆಟ್ ಜೋಡಣೆಯ ಸುದ್ದಿ ಹೇಳುತ್ತದೆ, ಗುಣಮಟ್ಟದ ಸುದ್ದಿ ಅಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಮ್ಯಾಗ್ನೆಟ್‌ನ ಶಕ್ತಿ ಬರುವುದು ಎಲ್ಲಿಂದ?

ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಮ್ಯಾಗ್ನೆಟ್. ಅದರ ಈ ಗುಣಕ್ಕೆ ಸ್ಪಿನ್ ಅನ್ನುತ್ತಾರೆ. ಎರಡು ಎಲೆಕ್ಟ್ರಾನ್ ಜೋಡಿಯಾದರೆ ಒಂದು ಮೇಲೆ, ಒಂದು ಕೆಳಗೆ ಮುಖ ಮಾಡಿ ಲೆಕ್ಕ ಸೊನ್ನೆಯಾಗುತ್ತದೆ. ಕಬ್ಬಿಣದ ಪರಮಾಣುವಿನಲ್ಲಿ 26 ಎಲೆಕ್ಟ್ರಾನ್. ಅವುಗಳಲ್ಲಿ ಆರು ಮಾತ್ರ ನಮಗೆ ಮುಖ್ಯ. ಅವಕ್ಕೆ ಐದು ಸೀಟು, ಒಂದೊಂದರಲ್ಲಿ ಇಬ್ಬರಿಗೆ ಜಾಗ. ನಮ್ಮ ಕೆಂಪು ಬಸ್ಸು ನೆನಪಿಸಿಕೊಳ್ಳಿ. ಖಾಲಿ ಬಸ್ಸು ಹತ್ತಿದವರು ಮೊದಲು ಒಂದೊಂದು ಸೀಟಿನಲ್ಲಿ ಒಬ್ಬೊಬ್ಬರೇ ಕೂರುತ್ತಾರೆ. ಐದು ಸೀಟೂ ಹಿಡಿದ ಮೇಲೆ ಬಂದ ಆರನೆಯವರು ಯಾರ ಪಕ್ಕವೋ ಕೂರಲೇಬೇಕು. ಉಳಿದ ನಾಲ್ವರು ಒಂಟಿ. ಕಬ್ಬಿಣದ ಪರಮಾಣುವಿನ ಬಲ ಈ ನಾಲ್ಕು ಒಂಟಿ ಎಲೆಕ್ಟ್ರಾನ್. ತಾಮ್ರದ ಬಸ್ಸಿನಲ್ಲಿ ಐದೂ ಸೀಟು ಭರ್ತಿ, ಅದಕ್ಕೇ ತಾಮ್ರದ ಚೊಂಬಿಗೆ ಮ್ಯಾಗ್ನೆಟ್ ಅಂಟುವುದಿಲ್ಲ.

ಆದರೆ ಒಂಟಿಗಳು ಇದ್ದರೆ ಸಾಲದು. ಕೋಟಿ ಕೋಟಿ ಪರಮಾಣುಗಳ ಒಂಟಿಗಳು ಒಂದೇ ಕಡೆ ಮುಖ ಮಾಡಬೇಕು. ಅವನ್ನು ಹಾಗೆ ನಿಲ್ಲಿಸುವವರು ಯಾರು? ಪುಟ್ಟ ಮ್ಯಾಗ್ನೆಟ್‌ಗಳು ಒಂದನ್ನೊಂದು ತಿರುಗಿಸುತ್ತವೆ ಅನ್ನಬಹುದು. ಲೆಕ್ಕ ಹಾಕಿದರೆ ಆ ಬಲ ಅತಿ ಚಿಕ್ಕದು. ಅದನ್ನೇ ನಂಬಿದ್ದರೆ ಸೊನ್ನೆಗಿಂತ 270 ಡಿಗ್ರಿ ಕೆಳಗಿನ ಚಳಿಯಲ್ಲೂ ಶಾಖದ ಅಲುಗಾಟಕ್ಕೆ ಎಲ್ಲ ಚೆದುರಿಹೋಗುತ್ತಿದ್ದವು. ಕಬ್ಬಿಣ ಮಾತ್ರ 770 ಡಿಗ್ರಿವರೆಗೆ ಪಟ್ಟು ಬಿಡುವುದಿಲ್ಲ. ಮೊಳೆಯನ್ನು ಚೆನ್ನಾಗಿ ಕೆಂಪಗೆ ಕಾಯಿಸಿದಾಗಲಷ್ಟೇ ಮ್ಯಾಗ್ನೆಟ್ ಅದನ್ನು ಕೈಬಿಡುತ್ತದೆ. ಈ ಮಿತಿಯನ್ನು ಶ್ರದ್ಧೆಯಿಂದ ಅಳೆದ ಪಿಯರ್ ಕ್ಯೂರಿಯ ಹೆಸರೇ ಅದಕ್ಕೆ ಬಂತು.

ಇಷ್ಟು ಗಟ್ಟಿ ಬಲ ಮ್ಯಾಗ್ನೆಟಿಕ್ ಬಲವೇ ಅಲ್ಲ. ಅದು ವಿದ್ಯುತ್ತಿನದು! 1928ರಲ್ಲಿ ಇದನ್ನು ಹೇಳಿದವನು ವರ್ನರ್ ಹೈಸನ್‌ಬರ್ಗ್. ಎಲೆಕ್ಟ್ರಾನ್‌ಗಳೆಲ್ಲ ಋಣ ವಿದ್ಯುತ್ತಿನವು, ಒಂದನ್ನೊಂದು ದೂರ ತಳ್ಳುತ್ತವೆ. ಹತ್ತಿರ ಬಂದಷ್ಟೂ ಶಕ್ತಿ ಖರ್ಚು. ಜೊತೆಗೆ ಪೌಲಿ 1925ರಲ್ಲಿ ಕಂಡುಕೊಂಡ ಒಂದು ನಿಯಮ ಇದೆ: ಒಂದೇ ಕಡೆ ಸ್ಪಿನ್ ಇರುವ ಎರಡು ಎಲೆಕ್ಟ್ರಾನ್ ಒಂದೇ ಜಾಗದಲ್ಲಿ ಇರುವ ಹಾಗಿಲ್ಲ. ಎರಡನ್ನೂ ಸೇರಿಸಿ ನೋಡಿ. ಒಂದೇ ದಿಕ್ಕಿಗೆ ಮುಖ ಮಾಡಿದ ಎಲೆಕ್ಟ್ರಾನ್‌ಗಳು ತಾವಾಗಿಯೇ ದೂರ ದೂರ ಇರುತ್ತವೆ. ದೂರ ಇದ್ದರೆ ತಳ್ಳಾಟ ಕಡಿಮೆ. ತಳ್ಳಾಟ ಕಡಿಮೆಯಾದರೆ ಶಕ್ತಿಯ ಉಳಿತಾಯ. ಈ ಉಳಿತಾಯಕ್ಕಾಗಿ ಅವು ಒಂದೇ ಕಡೆ ಮುಖ ಮಾಡುತ್ತವೆ. ಫ್ರಿಜ್ಜಿನ ಬಾಗಿಲಿಗೆ ಅಂಟಿದ ಆ ಪುಟ್ಟ ಗೊಂಬೆಯ ಹಿಂದೆ ಇರುವುದು ಇದೇ. ಮೊದಲ ಸಲ ಅರ್ಥವಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾದರೆ ಎಲ್ಲ ಲೋಹವೂ ಯಾಕೆ ಹೀಗೆ ಮಾಡುವುದಿಲ್ಲ? ಇದಕ್ಕೆ ಕೂಡುಕುಟುಂಬದ ಉದಾಹರಣೆ ಕೊಡುತ್ತೇನೆ. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರಿಗೆ ದಿನಾ ಕಿತ್ತಾಟ. ಬೇರೆ ಮನೆ ಮಾಡಿದರೆ ನೆಮ್ಮದಿ, ಆದರೆ ಬಾಡಿಗೆ ಕೊಡಬೇಕು. ಕಿತ್ತಾಟದ ನಷ್ಟ ಬಾಡಿಗೆಗಿಂತ ಜಾಸ್ತಿ ಆದರೆ ಬೇರೆ ಹೋಗುತ್ತಾರೆ. ಇಲ್ಲದಿದ್ದರೆ ಸಹಿಸಿಕೊಳ್ಳುತ್ತಾರೆ. ಲೋಹದಲ್ಲಿ ಜೋಡಿ ಬಿಟ್ಟು ಒಂದೇ ಸ್ಪಿನ್‌ಗೆ ಬರಬೇಕಾದರೆ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹತ್ತಬೇಕು. ಅದೇ ಬಾಡಿಗೆ. ಅಲ್ಯೂಮಿನಿಯಂನಲ್ಲಿ ಈ ಬಾಡಿಗೆ ದುಬಾರಿ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳಲ್ಲಿ ಮಟ್ಟಗಳು ಒತ್ತೊತ್ತಾಗಿವೆ, ಬಾಡಿಗೆ ಅಗ್ಗ. ಈ ಲೆಕ್ಕವನ್ನು 1930ರ ದಶಕದಲ್ಲಿ ಇಂಗ್ಲೆಂಡಿನ ಎಡ್ಮಂಡ್ ಸ್ಟೋನರ್ ಹಾಕಿಕೊಟ್ಟ.

ಮ್ಯಾಗ್ನೆಟ್‌ಗೆ ಕ್ವಾಂಟಂ, ಅಂದರೆ ಪೌಲಿಯ ನಿಯಮದಂಥ ಅತಿ ಸಣ್ಣ ಕಣಗಳ ನಿಯಮಗಳು, ಇಲ್ಲದೆ ಉಳಿಗಾಲವೇ ಇಲ್ಲ ಅನ್ನುವುದು ಅದಕ್ಕೂ ಮೊದಲೇ ಗೊತ್ತಾಗಿತ್ತು. ಹಳೆಯ ಭೌತಶಾಸ್ತ್ರದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಯಾವ ವಸ್ತುವಿಗೂ ಕಾಂತತ್ವ ಇರಲು ಸಾಧ್ಯವಿಲ್ಲ ಅಂತ ನೀಲ್ಸ್ ಬೋರ್ 1911ರ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದ್ದ. 1919ರಲ್ಲಿ ಲೈಡನ್ನಿನಲ್ಲಿ ಹೆಂಡ್ರಿಕಾ ವಾನ್ ಲೀವೆನ್ ಎಂಬ ಮಹಿಳೆ ತಾನೇ ಮತ್ತೆ ಅದನ್ನು ಸಾಧಿಸಿದರು. ಬೋರ್ ಹೆಸರು ಎಲ್ಲರಿಗೂ ಗೊತ್ತು, ಇವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ನಾನಂತೂ ನೋಡಿಲ್ಲ. ಅದು ನನಗೆ ಬೇಸರದ ಸಂಗತಿ.

ಹಾಗಿದ್ದರೆ ಅಂಗಡಿಯಿಂದ ತಂದ ಮೊಳೆ ತಾನೇ ಯಾಕೆ ಮ್ಯಾಗ್ನೆಟ್ ಆಗಿಲ್ಲ? ಒಳಗೆ ಸಣ್ಣ ಸಣ್ಣ ವಠಾರಗಳಿವೆ. ಒಂದೊಂದು ವಠಾರದಲ್ಲಿ ಎಲ್ಲರದೂ ಒಂದೇ ದಿಕ್ಕು, ಪಕ್ಕದ ವಠಾರದ್ದು ಬೇರೆ. ಒಟ್ಟು ಸೊನ್ನೆ. 1907ರಲ್ಲಿ ಪಿಯರ್ ವೈಸ್ ಹೀಗೆ ಊಹಿಸಿದ. 1919ರಲ್ಲಿ ಬಾರ್ಕ್‌ಹೌಸೆನ್ ಅದನ್ನು ಕಿವಿಗೇ ಕೇಳಿಸಿದ. ಕಬ್ಬಿಣಕ್ಕೆ ತಂತಿ ಸುತ್ತಿ, ಸದ್ದನ್ನು ಹಿಗ್ಗಿಸಿ, ಮ್ಯಾಗ್ನೆಟ್ ಹತ್ತಿರ ತಂದ. ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಒಂದೊಂದು ಸಿಡಿತವೂ ಒಳಗಿನ ವಠಾರಗಳ ಗಡಿ ಜಾರಿದ್ದು.

ಕಬ್ಬಿಣ ಇದ್ದರೆ ಸಾಲದು ಅನ್ನುವುದಕ್ಕೆ ಕರ್ನಾಟಕದ ನೆಲದಲ್ಲೇ ಇನ್ನೂ ಒಳ್ಳೆಯ ಪಾಠ ಇದೆ. ಕುದುರೆಮುಖದ ಅದಿರು ಮುಖ್ಯವಾಗಿ ಮ್ಯಾಗ್ನೆಟೈಟ್, ಕಪ್ಪು. ಸಂಡೂರು, ಬಳ್ಳಾರಿಯ ಅದಿರು ಹೆಮಟೈಟ್, ಕೆಂಪು. ಎರಡೂ ಕಬ್ಬಿಣ ಮತ್ತು ಆಮ್ಲಜನಕವೇ. ಮೊದಲನೆಯದು ಮ್ಯಾಗ್ನೆಟ್‌ಗೆ ಟಕ್ ಅಂತ ಅಂಟುತ್ತದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಬಡ ಅದಿರನ್ನು ಪುಡಿಮಾಡಿ, ಮ್ಯಾಗ್ನೆಟ್‌ನಿಂದ ಬೇರ್ಪಡಿಸಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ನಮ್ಮ ಕನ್ನಡದ ಸೂಜಿಗಲ್ಲು ಅನ್ನುವ ಚಂದದ ಪದವೂ ಈ ಮ್ಯಾಗ್ನೆಟೈಟ್‌ನದೇ.

ಸಂಡೂರಿನ ಕಲ್ಲಿನಲ್ಲಿ ಕಬ್ಬಿಣ ಸಮೃದ್ಧ. ಅದರ ಒಂದೊಂದು ಕಬ್ಬಿಣದಲ್ಲೂ ಐದು ಒಂಟಿ ಎಲೆಕ್ಟ್ರಾನ್ ಇವೆ, ಬರಿಯ ಕಬ್ಬಿಣದ ಪರಮಾಣುವಿಗಿಂತಲೂ ಒಂದು ಜಾಸ್ತಿ. ಆದರೂ ಮ್ಯಾಗ್ನೆಟ್‌ಗೆ ಕದಲುವುದಿಲ್ಲ. ಇಲ್ಲಿ ಎರಡು ಕಬ್ಬಿಣದ ನಡುವೆ ಆಮ್ಲಜನಕ ಮಧ್ಯಸ್ಥಿಕೆಗೆ ಕೂತಿದೆ. ಅದರ ಮೂಲಕ ಬರುವ ಒಪ್ಪಂದ ತಲೆಕೆಳಗು: ನೀನು ಮೇಲೆ ಆದರೆ ನಾನು ಕೆಳಗೆ. ಒಂದು ಪದರ ಆ ಕಡೆ, ಮುಂದಿನ ಪದರ ಈ ಕಡೆ. ಇಂಥ ವಸ್ತುಗಳನ್ನು 1930ರ ದಶಕದಲ್ಲಿ ಊಹಿಸಿದ್ದು ಫ್ರಾನ್ಸಿನ ಲೂಯಿ ನೀಲ್. ಮ್ಯಾಗ್ನೆಟೈಟ್‌ನ ಗುಟ್ಟನ್ನೂ ಅವನೇ 1948ರಲ್ಲಿ ಬಿಡಿಸಿದ. ಅದರಲ್ಲಿ ಮೂರು ಮೂರು ಕಬ್ಬಿಣದ ಗುಂಪು. ಇಬ್ಬರು ಎದುರುಬದುರು ನಿಂತು ಸೊನ್ನೆಯಾಗುತ್ತಾರೆ, ಮೂರನೆಯವನ ಬಲ ಹಾಗೇ ಉಳಿಯುತ್ತದೆ. ಅಷ್ಟು ಉಳಿದದ್ದಕ್ಕೇ ನಾವಿಕರಿಗೆ ದಿಕ್ಸೂಚಿ ಸಿಕ್ಕಿತು. 1970ರಲ್ಲಿ ನೀಲ್‌ಗೆ ನೊಬೆಲ್ ಬಂತು.

ನನ್ನ ಮೇಜಿನ ಮೇಲೆ ಸಂಡೂರಿನ ಒಂದು ಕೆಂಪು ಕಲ್ಲಿದೆ. ಮ್ಯಾಗ್ನೆಟ್ ತಾಗಿಸಿದರೆ ಸುಮ್ನೆ ಕೂತಿರುತ್ತದೆ. ಒಳಗೆ ಎರಡು ತಂಡ ಸಮಸಮ ಬಲದಲ್ಲಿ ಹಗ್ಗ ಜಗ್ಗುತ್ತಿವೆ. ಪೂರ್ತಿ ಸಮವೂ ಅಲ್ಲ. ಎರಡೂ ತಂಡ ಒಂದೇ ಬದಿಗೆ ಕೂದಲೆಳೆಯಷ್ಟು ವಾಲಿ ನಿಂತಿವೆ. ಆ ವಾಲುವಿಕೆಯಿಂದ ಉಳಿದ ಅತಿ ಸಣ್ಣ ಕಾಂತತ್ವವನ್ನು ಸೂಕ್ಷ್ಮ ಉಪಕರಣಗಳು ಅಳೆಯುತ್ತವೆ.