ಹಗುರ ರಿವಾಲ್ವರ್ ಯಾಕೆ ಜಾಸ್ತಿ ಒದೆಯುತ್ತದೆ? ಸಂವೇಗದ ಪಾಠಕ್ಕೆ ಒಂದು ಟಿಪ್ಪಣಿ

ಒಂಬತ್ತನೇ ತರಗತಿಯ ಸಂವೇಗದ ಲೆಕ್ಕ ನೆನಪಿದೆಯಾ? 20 ಗ್ರಾಂ ಗುಂಡು, 2 ಕೆಜಿ ಪಿಸ್ತೂಲು, ಗುಂಡಿನ ವೇಗ 150 ಮೀ/ಸೆ. ಪಿಸ್ತೂಲು 1.5 ಮೀ/ಸೆ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಉತ್ತರದ ಕೆಳಗೆ ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋದೆವು. 2 ಕೆಜಿ ಪಿಸ್ತೂಲನ್ನು ಯಾರು ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತಾರೆ ಅಂತ ಯಾರೂ ಕೇಳಲಿಲ್ಲ. ನಿಜವಾದ ರಿವಾಲ್ವರ್ ಒಂದು ಕೆಜಿ ಆಸುಪಾಸು ಇರುತ್ತದೆ. ತೀರಾ ಹಗುರವಾದದ್ದು ಅರ್ಧ ಕೆಜಿಗೂ ಇಳಿಯುತ್ತದೆ. ಆಗ ಏನಾಗುತ್ತದೆ ಅನ್ನುವುದೇ ಈ ಟಿಪ್ಪಣಿ.

ನಮ್ಮ ಮಂಡ್ಯ ಕಡೆ ಬಂದೂಕು ಅಂದರೆ ಬೆಳೆ ಕಾಯಲು ಲೈಸೆನ್ಸ್ ಪಡೆದ ನಳಿಗೆ ಕೋವಿ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ರಿವಾಲ್ವರ್ ನೋಡಿದವರು ಕಡಿಮೆ. ಆದರೆ ಕೋವಿ ಹೆಗಲಿಗೆ ಒದೆಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಇಲ್ಲಿಯೂ ಅದೇ ಒದೆತ, ಜಾಗ ಮಾತ್ರ ಅಂಗೈ.

ಸಿಂಗಲ್ ಆಕ್ಷನ್

ಈ ಬಗೆಯ ರಿವಾಲ್ವರಿನಲ್ಲಿ ಪ್ರತಿ ಸಲವೂ ಹ್ಯಾಮರನ್ನು, ಅಂದರೆ ತೋಟಾ ಸಿಡಿಸಲು ಬಡಿಯುವ ಸುತ್ತಿಗೆಯಂಥ ಭಾಗವನ್ನು, ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಟ್ರಿಗರ್ ಅದನ್ನು ಬಿಡಿಸುತ್ತದೆ, ಅಷ್ಟೇ. ಡಬಲ್ ಆಕ್ಷನ್‌ನಲ್ಲಿ ಎಳೆಯುವುದು, ಬಿಡಿಸುವುದು ಎರಡನ್ನೂ ಟ್ರಿಗರೇ ಮಾಡುತ್ತದೆ. ಅಮೆರಿಕದ ಸೇನೆ 1873ರಲ್ಲಿ ತೆಗೆದುಕೊಂಡ ಕೋಲ್ಟ್ ರಿವಾಲ್ವರ್ ಸಿಂಗಲ್ ಆಕ್ಷನ್‌ಗೆ ಹೆಸರಾದ ಮಾದರಿ.

ಸಂವೇಗ ಅಷ್ಟೇ, ಕೈಗೆ ಮಾತ್ರ ಎರಡು ಪಟ್ಟು

ಎಡವುವ ಜಾಗ ಇದು. ಹಾಗಾಗಿ ಉದ್ದ ಬರೆಯುತ್ತೇನೆ.

.357 ಮ್ಯಾಗ್ನಂ ಅನ್ನುವ ಜೋರು ತೋಟಾ ತೆಗೆದುಕೊಳ್ಳೋಣ. ತೋಟಾ ಅಂದರೆ ಹಿತ್ತಾಳೆ ಕೊಳವೆ, ಮದ್ದು, ಗುಂಡು ಎಲ್ಲ ಸೇರಿದ್ದು. ಗುಂಡು ಸುಮಾರು 10.2 ಗ್ರಾಂ, ವೇಗ ಸುಮಾರು 375 ಮೀ/ಸೆ. ಗುಂಡಿನ ಸಂವೇಗ, ಅಂದರೆ ರಾಶಿ ಗುಣಿಸು ವೇಗ, 3.83 ಕೆಜಿ·ಮೀ/ಸೆ. ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಬಾರದು. ಮದ್ದು ಉರಿದು ಅನಿಲವಾಗಿ ಮುಂದಕ್ಕೆ ಹೋಗುತ್ತದಲ್ಲ, ಅದಕ್ಕೂ ಸಂವೇಗ ಇದೆ. ಮೈಸೂರು ದಸರಾದ 21 ಸುತ್ತಿನ ಕುಶಾಲತೋಪು ನೆನೆಸಿಕೊಳ್ಳಿ. ಅಲ್ಲಿ ಗುಂಡೇ ಇಲ್ಲ, ಬರೀ ಮದ್ದು. ಆದರೂ ಮುಂದಕ್ಕೆ ಹೋದ ಅನಿಲದ ಸಂವೇಗದಷ್ಟೇ ಫಿರಂಗಿಗೆ ಹಿಂದಕ್ಕೆ ಸಿಗಲೇಬೇಕು. ಫಿರಂಗಿ ಭಾರಿ ತೂಕದ್ದು, ಹಾಗಾಗಿ ವೇಗ ತೀರಾ ಕಡಿಮೆ. ರಿವಾಲ್ವರ್ ಲೆಕ್ಕದಲ್ಲಿ ಅನಿಲದ ವೇಗವನ್ನು ಗುಂಡಿನ ವೇಗದ ಒಂದೂವರೆ ಪಟ್ಟು ಎಂದು ಇಟ್ಟುಕೊಳ್ಳುವುದು ರೂಢಿ. ಮದ್ದು 1 ಗ್ರಾಂ ಅಂದುಕೊಂಡರೆ 0.56 ಸೇರುತ್ತದೆ. ಒಟ್ಟು ಸುಮಾರು 4.4.

ಈಗ ಎರಡು ರಿವಾಲ್ವರ್ ಇಡಿ. ಒಂದು 1.2 ಕೆಜಿ, ಇನ್ನೊಂದು 0.6 ಕೆಜಿ. ತೋಟಾ ಒಂದೇ. ಅಂದಮೇಲೆ ಎರಡಕ್ಕೂ ಹಿಂದಕ್ಕೆ ಸಿಗುವ ಸಂವೇಗವೂ ಒಂದೇ, 4.4. ಇಲ್ಲಿ ಮನಸ್ಸು ಹಟ ಹಿಡಿಯುತ್ತದೆ. ಸಂವೇಗ ಒಂದೇ ಅಂದಮೇಲೆ ಕೈಗೆ ಬೀಳುವ ಪೆಟ್ಟೂ ಒಂದೇ ಇರಬೇಕಲ್ವಾ? ಇಲ್ಲ.

ವೇಗ ನೋಡಿ. ಭಾರದ್ದು 3.67 ಮೀ/ಸೆ, ಹಗುರದ್ದು 7.33 ಮೀ/ಸೆ. ರಾಶಿ ಅರ್ಧ, ವೇಗ ಎರಡು ಪಟ್ಟು. ಚಲನ ಶಕ್ತಿಯಲ್ಲಿ ವೇಗದ ವರ್ಗ ಬರುತ್ತದೆ. ಎರಡರ ವರ್ಗ ನಾಲ್ಕು, ರಾಶಿ ಅರ್ಧ, ಆದ್ದರಿಂದ ಶಕ್ತಿ ಎರಡು ಪಟ್ಟು. ಭಾರದ್ದಕ್ಕೆ 8 ಜೂಲ್, ಹಗುರದ್ದಕ್ಕೆ 16 ಜೂಲ್. ನನ್ನ ನೆಚ್ಚಿನ ಅಡ್ಡದಾರಿ ಒಂದಿದೆ: ಸಂವೇಗದ ವರ್ಗವನ್ನು ರಾಶಿಯ ಎರಡರಷ್ಟರಿಂದ ಭಾಗಿಸಿ. ವೇಗ ಕಂಡುಹಿಡಿಯುವ ಗೊಡವೆಯೇ ಇಲ್ಲ, ನೇರ ಜೂಲ್ ಬರುತ್ತದೆ. ಪರೀಕ್ಷೆಯಲ್ಲೂ ಸಮಯ ಉಳಿಯುತ್ತದೆ.

ಸರಿ, ಜೂಲ್ ಜಾಸ್ತಿಯಾಯಿತು. ಕೈಗೇನು? ಕೈ ಅದನ್ನು ನಿಲ್ಲಿಸಬೇಕು. ಬಲವನ್ನು ದೂರದಿಂದ ಗುಣಿಸಿದರೆ ಶಕ್ತಿ. ಕೈ 4 ಸೆಂ.ಮೀ. ಹಿಂದೆ ಸರಿದು ರಿವಾಲ್ವರನ್ನು ನಿಲ್ಲಿಸಿತು ಅಂದುಕೊಳ್ಳಿ. ಭಾರದ್ದಕ್ಕೆ ಸರಾಸರಿ ಬಲ 200 ನ್ಯೂಟನ್, ಹಗುರದ್ದಕ್ಕೆ 400. ಅಂದರೆ 20 ಕೆಜಿ ತೂಕ ಮತ್ತು 40 ಕೆಜಿ ತೂಕ.

ಹಾಗಾದರೆ ಸಂವೇಗದ ನಿಯಮ ಸುಳ್ಳಾಯಿತಾ? ಅದೂ ನೋಡೋಣ. ಬಲವನ್ನು ಸಮಯದಿಂದ ಗುಣಿಸಿದರೆ ಸಂವೇಗ. 4.4ನ್ನು 200ರಿಂದ ಭಾಗಿಸಿ, 0.022 ಸೆಕೆಂಡ್. 400ರಿಂದ ಭಾಗಿಸಿ, 0.011 ಸೆಕೆಂಡ್. ಹಗುರದ್ದು ಎರಡು ಪಟ್ಟು ವೇಗದಲ್ಲಿ ಬಂದು ಅದೇ 4 ಸೆಂ.ಮೀ.ಗಳನ್ನು ಅರ್ಧ ಸಮಯದಲ್ಲಿ ದಾಟಿಬಿಡುತ್ತದೆ. ಎರಡು ದಾರಿಯಲ್ಲಿ ಹೋದರೂ ಉತ್ತರ ಒಂದೇ. ಸಂವೇಗ ಬದಲಾಗಿಲ್ಲ, ಕೈಗೆ ಸಿಕ್ಕ ಸಮಯ ಕಡಿಮೆಯಾಯಿತು. ಇದು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು.

ನಿಜದಲ್ಲಿ ಪೂರ್ತಿ ನೇರವಾಗಿ ಹಿಂದಕ್ಕೆ ಬರುವುದಿಲ್ಲ. ನಳಿಗೆ ಕೈಗಿಂತ ಮೇಲಿರುವುದರಿಂದ ಮೂತಿ ಮೇಲಕ್ಕೆ ಏಳುತ್ತದೆ. ಕೋಲ್ಟ್ ಮಾದರಿಯ ಬಾಗಿದ ಹಿಡಿ ಅಂಗೈಯಲ್ಲಿ ಉರುಳಿ ಒಂದಿಷ್ಟು ಪೆಟ್ಟು ತಿಂದುಕೊಳ್ಳುತ್ತದೆ, ಹ್ಯಾಮರೂ ಹೆಬ್ಬೆರಳಿಗೆ ಹತ್ತಿರ ಬರುತ್ತದೆ. ಹಗುರದ್ದರಲ್ಲಿ ಅದೇ ಉರುಳುವಿಕೆ ಅತಿಯಾಗಿ ಹಿಡಿತ ತಪ್ಪುತ್ತದೆ.

ಹಾಗಾದರೆ ಹಗುರದ್ದು ಯಾಕೆ ಬೇಕು?

ಹೊರಲು ಸುಲಭ. ಕಾಡಿನಲ್ಲಿ ದಿನವಿಡೀ ನಡೆಯುವವರಿಗೆ ಸೊಂಟದ ಮೇಲಿನ ಅರ್ಧ ಕೆಜಿ ದೊಡ್ಡ ವ್ಯತ್ಯಾಸ. ಇದು ಹೇಳದೆಯೂ ಗೊತ್ತಾಗುವ ಮಾತು. ನನಗೆ ಹಿಡಿಸಿದ್ದು ಬೇರೆ.

.22 ಅನ್ನುವ ಸಣ್ಣ ತೋಟಾಗೆ ಇದೇ ಲೆಕ್ಕ ಹಾಕಿ. ಗುಂಡು 2.6 ಗ್ರಾಂ, ಸಣ್ಣ ನಳಿಗೆಯಲ್ಲಿ ವೇಗ ಸುಮಾರು 300 ಮೀ/ಸೆ. ಅನಿಲವೂ ಸೇರಿ ಸಂವೇಗ 0.82. ರಿವಾಲ್ವರ್ 900 ಗ್ರಾಂ ಇದ್ದರೆ 0.37 ಜೂಲ್, 480 ಗ್ರಾಂ ಇದ್ದರೆ 0.70 ಜೂಲ್. ಇಲ್ಲೂ ಹೆಚ್ಚುಕಡಿಮೆ ಎರಡು ಪಟ್ಟೇ. ಆದರೆ ಒಂದು ಜೂಲ್ ಕೂಡ ಇಲ್ಲದ ಒದೆತ ಎರಡು ಪಟ್ಟಾದರೇನು? ಯಾವ ಕೈಗೂ ನೋವಾಗದು. ಅಮೆರಿಕದ ರೂಗರ್ ಕಂಪನಿ 1958ರಲ್ಲಿ ತಂದ ಬೇರ್‌ಕ್ಯಾಟ್ ಇಂಥದ್ದೇ. ಅಲ್ಯೂಮಿನಿಯಂ ಮಿಶ್ರಲೋಹದ ಫ್ರೇಮ್ (ಉಳಿದ ಭಾಗಗಳನ್ನು ಹಿಡಿದಿಡುವ ಚೌಕಟ್ಟು), .22 ತೋಟಾ, ತೂಕ ಸುಮಾರು 480 ಗ್ರಾಂ. ತೀರಾ ಹಗುರ ಸಿಂಗಲ್ ಆಕ್ಷನ್‌ಗೆ .22 ಸರಿಯಾದ ಜೋಡಿ, ಮ್ಯಾಗ್ನಂ ಜೊತೆ ಅದು ಸುಮ್ನೆ ಕೈಗೆ ಶಿಕ್ಷೆ ಅನ್ನುವುದು ನನ್ನ ತೀರ್ಮಾನ.

ಟ್ರಿಗರ್ ವಿಷಯದಲ್ಲೂ ಒಂದು ಲಾಭ ಇದೆ. ಡಬಲ್ ಆಕ್ಷನ್ ಟ್ರಿಗರ್ ಎಳೆಯಲು ನಾಲ್ಕೈದು ಕೆಜಿ ಬಲ ಬೇಕು. ಅರ್ಧ ಕೆಜಿ ವಸ್ತುವನ್ನು ಹಿಡಿದು ಐದು ಕೆಜಿ ಬಲದಲ್ಲಿ ಎಳೆದರೆ ಅದು ಅಲುಗಾಡದೆ ಇರುತ್ತದಾ? ಸಿಂಗಲ್ ಆಕ್ಷನ್‌ನಲ್ಲಿ ಒಂದೆರಡು ಕೆಜಿ ಸಾಕು. ಆದರೆ ಪೂರ್ತಿ ಖುಷಿಪಡಬೇಡಿ. ಹಳೆಯ ಮಾದರಿಯ ಹ್ಯಾಮರ್ ದಪ್ಪ, ಉದ್ದ ದಾರಿ ಸಾಗಿ ಬಡಿಯುತ್ತದೆ. ಹಗುರ ಫ್ರೇಮಿಗೆ ಆ ಬಡಿತವೇ ಒಂದು ನಡುಕ. ಮುಂಭಾರ ಕಡಿಮೆ ಇರುವುದರಿಂದ ಕೈಯ ನಡುಕವೂ ಗುರಿಗೆ ನೇರ ತಲುಪುತ್ತದೆ.

ಉಳಿದ ತೋಟಾಗಳಿಗೆ ಏನಾಗುತ್ತದೆ

ಒಂದು ತೋಟಾ ಹಾರಿತು, ಐದು ಸಿಲಿಂಡರಿನಲ್ಲೇ, ಅಂದರೆ ತೋಟಾ ತುಂಬುವ ತಿರುಗುವ ಉರುಳೆಯಲ್ಲೇ, ಇವೆ. ರಿವಾಲ್ವರ್ ಗಕ್ಕನೆ ಹಿಂದಕ್ಕೆ ಬರುತ್ತದೆ. ತೋಟಾದ ಹಿತ್ತಾಳೆ ಕೊಳವೆ ಅದರ ಜೊತೆ ಬರುತ್ತದೆ. ಒಳಗಿನ ಗುಂಡಿಗೆ ಜಡತ್ವ, ಅದು ಇದ್ದಲ್ಲೇ ಇರಲು ನೋಡುತ್ತದೆ. ಮೈಸೂರು ಬಸ್ಸು ಮಂಡ್ಯ ಸ್ಟ್ಯಾಂಡಿನಿಂದ ಗಕ್ಕನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ, ಇಲ್ಲಿ ದಿಕ್ಕು ಮಾತ್ರ ತಿರುಗುಮುರುಗು. ಜೋರು ತೋಟಾ, ಹಗುರ ರಿವಾಲ್ವರ್ ಎರಡೂ ಸೇರಿದರೆ ಗುಂಡು ಕೊಳವೆಯಿಂದ ಸ್ವಲ್ಪ ಸ್ವಲ್ಪವೇ ಮುಂದೆ ಜಾರಿ ಸಿಲಿಂಡರಿನ ಮುಂದೆ ಇಣುಕುತ್ತದೆ. ಆಗ ಸಿಲಿಂಡರ್ ತಿರುಗದೆ ಸಿಕ್ಕಿಕೊಳ್ಳುತ್ತದೆ. ನ್ಯೂಟನ್ನನ ಮೊದಲ ನಿಯಮಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ.

ಲೋಹ

ಮೆಕ್ಯಾನಿಕಲ್‌ನವರಿಗೆ ಮಾತ್ರ. ಘನ ಸೆಂ.ಮೀ.ಗೆ ಗ್ರಾಂ ಲೆಕ್ಕದಲ್ಲಿ ಉಕ್ಕಿನ ಸಾಂದ್ರತೆ 7.85, ಟೈಟಾನಿಯಂ 4.5, ಅಲ್ಯೂಮಿನಿಯಂ 2.7. ಫ್ರೇಮ್ ಬದಲಿಸಿದರೂ ನಳಿಗೆ, ಸಿಲಿಂಡರ್ ಸಾಮಾನ್ಯವಾಗಿ ಉಕ್ಕಿನವೇ. ಹಾಗಾಗಿ ತೂಕ ಮೂರನೇ ಒಂದಕ್ಕೆ ಇಳಿಯುವುದಿಲ್ಲ. 2019ರ ರೂಗರ್ ರ‍್ಯಾಂಗ್ಲರ್‌ಗೆ ಅಲ್ಯೂಮಿನಿಯಂ ಫ್ರೇಮ್ ಇದ್ದರೂ ತೂಕ ಸುಮಾರು 850 ಗ್ರಾಂ. ಉಕ್ಕಿಗೆ ಒಂದು ಮಿತಿಯೊಳಗಿನ ಒತ್ತಡವನ್ನು ಎಷ್ಟು ಸಲ ಕೊಟ್ಟರೂ ತಡೆಯುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಒತ್ತಡವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಚಿಮ್ಮುವ ಬಿಸಿ ಅನಿಲ ಫ್ರೇಮಿನ ಮೇಲಿನ ಪಟ್ಟಿಯನ್ನು ಕೊರೆಯುತ್ತದೆ. ಅದಕ್ಕೇ ಕೆಲವು ಹಗುರ ಮ್ಯಾಗ್ನಂ ರಿವಾಲ್ವರ್‌ಗಳಲ್ಲಿ ಆ ಜಾಗಕ್ಕೆ ಉಕ್ಕಿನ ಸಣ್ಣ ತಗಡು ಕೂರಿಸುತ್ತಾರೆ.

ಮಾಡಿ ನೋಡಿ

ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆ 2014ರಲ್ಲಿ ತಂದ ನಿರ್ಭೀಕ್ .32 ರಿವಾಲ್ವರ್, ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ. ಇದು ಕೋಲ್ಟ್ ಮಾದರಿಯ ಸಿಂಗಲ್ ಆಕ್ಷನ್ ಅಲ್ಲ, ಲೆಕ್ಕಕ್ಕೆ ಅದರಿಂದ ತೊಂದರೆಯೂ ಇಲ್ಲ. ಗುಂಡು 6.35 ಗ್ರಾಂ, ವೇಗ 220 ಮೀ/ಸೆ, ಅನಿಲಕ್ಕೆ 0.05 ಸೇರಿಸಿ. ಅದೇ ತೋಟಾವನ್ನು 700 ಗ್ರಾಂ ರಿವಾಲ್ವರಿನಲ್ಲಿ ಹಾರಿಸಿದರೆ ಒದೆತ ಎಷ್ಟು ಜೂಲಿನಿಂದ ಎಷ್ಟಕ್ಕೆ ಇಳಿಯುತ್ತದೆ? ಅಡ್ಡದಾರಿಯಲ್ಲೇ ಮಾಡಿ. ಉತ್ತರ: 500 ಗ್ರಾಂಗೆ 2.1, 700 ಗ್ರಾಂಗೆ 1.5.